ನಾಲ್ಕು ಮೀಟರ್ ಪೂರ್ವಕ್ಕೆ

ಈ ಭೂಮಿಯ ಮೇಲಿರುವ ಇಷ್ಟು ಕೋಟಿ ಜನರಲ್ಲಿ ತಾನೆಲ್ಲಿ ನಿಂತಿದ್ದೇನೆ ಎಂಬುದನ್ನು ದಶಮಾಂಶದ ಐದನೆಯ ಸ್ಥಾನದವರೆಗೆ ಬಲ್ಲವನು ತಾನೊಬ್ಬನೇ ಎಂದು ಕಂಬದ ಸಾಹೇಬರು ಆ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತ ಘೋಷಿಸಿದರು. ಇಂಥ ಘೋಷಣೆಗೆ ಒಂದು ಸಭೆಯಾದರೂ ಬೇಕಿತ್ತು. ಆದರೆ ಎದುರಿಗಿದ್ದವರು ಅವರ ಹೆಂಡತಿ ಒಬ್ಬರೇ, ಅವರೂ ಹೊಲಿಗೆ ಮಷೀನಿನ ಸೂಜಿಗೆ ದಾರ ಪೋಣಿಸುತ್ತಿದ್ದರು.

"ಸದ್ಯಕ್ಕೆ ನನ್ನ ಬೆಳಕಿಗೆ ಅಡ್ಡ ನಿಂತಿದ್ದೀರಿ. ಸ್ವಲ್ಪ ಸರೀರಿ," ಎಂದರು ಅವರು.

ಸಾಹೇಬರು ಸರಿದರು. ಎಷ್ಟು ಸರಿದರೆಂಬುದನ್ನೂ ಕೈಯಲ್ಲಿದ್ದ ಜಿಪಿಎಸ್ ಯಂತ್ರದಲ್ಲಿ ನೋಡಿಕೊಂಡರು.

ಕಂಬದ ಸಾಹೇಬರು ಎಂಬುದು ವಿದ್ಯುತ್ ಕಚೇರಿಯ ಸಹೋದ್ಯೋಗಿಗಳು ಇಟ್ಟ ಹೆಸರು. ಅವರು ಸಾಹೇಬರೇನೂ ಅಲ್ಲ. ಅವರ ಅಧಿಕಾರ ನಡೆಯುತ್ತಿದ್ದುದು ಊರಿನ ವಿದ್ಯುತ್ ಕಂಬಗಳ ಮೇಲೆ ಮಾತ್ರ. ಒಂದು ವರ್ಷದಿಂದ ಅವರ ಕೆಲಸವೆಂದರೆ ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರವನ್ನು ಒಂದೊಂದೇ ಕಂಬದ ಬುಡಕ್ಕೆ ಒಯ್ದು, ಅಕ್ಷಾಂಶ ರೇಖಾಂಶ ಗುರುತು ಮಾಡಿಕೊಂಡು ಬಂದು, ಕಚೇರಿಯ ಕಂಪ್ಯೂಟರಿನಲ್ಲಿ ಉಪಗ್ರಹ ನಕ್ಷೆಯ ಜೊತೆ ತಾಳೆ ನೋಡುವುದು. ತಾಳೆಯಾದರೆ ಸರಿ. ಆಗದಿದ್ದರೆ? ಸಾಧಾರಣ ಮನುಷ್ಯ ತನ್ನ ಕೈಯನ್ನು ಅನುಮಾನಿಸುತ್ತಾನೆ, ಇನ್ನೂ ಸ್ವಲ್ಪ ಬುದ್ಧಿಯಿರುವವನು ಯಂತ್ರವನ್ನು ಅನುಮಾನಿಸುತ್ತಾನೆ. ನಮ್ಮ ಸಾಹೇಬರು ಅನುಮಾನಿಸುತ್ತಿದ್ದುದು ಕಂಬವನ್ನು! ಕಡತದ ಕೊನೆಯ ಅಂಕಣದಲ್ಲಿ "ಕಂಬ ತಪ್ಪು ಜಾಗದಲ್ಲಿದೆ" ಎಂದು ದುಂಡಗಿನ ಅಕ್ಷರದಲ್ಲಿ ಷರಾ ಬರೆದು ಸಹಿ ಹಾಕುತ್ತಿದ್ದರು. ಹೀಗೆ ಇನ್ನೂರ ಹನ್ನೊಂದು ಕಂಬಗಳು ಅಪರಾಧಿಗಳಾಗಿದ್ದವು. ಕಂಬಗಳು ಎದುರು ಮಾತನಾಡಲಿಲ್ಲ. ಷರಾ ಅಂಕಣವನ್ನು ಕಚೇರಿಯಲ್ಲಿ ಯಾರೂ ಓದುತ್ತಿರಲಿಲ್ಲ. ವರ್ಷವಿಡೀ ಯಾರೂ ಎದುರಾಡದಿದ್ದರೆ ಮನುಷ್ಯನಿಗೆ ತಾನು ಸರಿ ಎಂಬ ಭಾವನೆ ಬರುವುದು ಸಹಜವೇ.

ಮನೆಯಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಅಳತೆಯ ಅಧಿಕಾರವೆಲ್ಲ ಹೆಂಡತಿಯ ಕೊರಳಲ್ಲಿ ಜೋತಾಡುವ ಟೇಪಿನದು. ಬೀದಿಯವರೆಲ್ಲ ಆಕೆಯನ್ನು ಟೈಲರಮ್ಮ ಎನ್ನುತ್ತಿದ್ದರು. ಆ ವಾರ ಟೈಲರಮ್ಮನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಆಸ್ಪತ್ರೆಯೊಂದು ದಾದಿಯರಿಗೆಂದು ನಲವತ್ತು ಬಿಳಿ ಕೋಟು ಹೊಲಿಯಲು ಕೊಟ್ಟಿತ್ತು. ಮುಂದಿನ ಸೋಮವಾರ ಬೆಳಿಗ್ಗೆ ಒಪ್ಪಿಸಬೇಕು. ಇದು ಸರಿಹೋದರೆ ಆಸ್ಪತ್ರೆಯ ಬಟ್ಟೆಯೆಲ್ಲ ಇನ್ನು ಮೇಲೆ ಅವರ ಮಷೀನಿಗೇ ಬರುತ್ತದೆ, ತಪ್ಪಿದರೆ ಪೇಟೆಯ ದೊಡ್ಡ ಅಂಗಡಿಗೆ ಹೋಗುತ್ತದೆ. ಇಷ್ಟು ವರ್ಷ ಅಂಚು ಕಿತ್ತ ಲಂಗ, ಜಿಪ್ ಹೋದ ಪ್ಯಾಂಟು ಎಂದು ಕಾಲ ಹಾಕಿದವರಿಗೆ ಇಂಥ ಅವಕಾಶ ಸಿಕ್ಕಿದ್ದು ಇದೇ ಮೊದಲು.

ಹೊಲಿಯುವುದು ಟೈಲರಮ್ಮ, ಕಾಜ ಹೊಡೆದು ಗುಂಡಿ ಹಚ್ಚುವುದು ಪೂರ್ವದ ಪಕ್ಕದ ಮನೆಯ ಕಾಜದಕ್ಕ. ಕಾಜದಕ್ಕನ ಕೈಯಲ್ಲಿ ಗುಂಡಿಯ ತೂತಿನ ಅಂಚು ಅಚ್ಚು ಹಾಕಿದಂತೆ ಬರುತ್ತಿತ್ತು. ಆಕೆಯ ಗಂಡ ಗಡಿಯಾರ ರಿಪೇರಿ ಮಾಡುವವರು, ಮೆತ್ತಗಿನ ಮನುಷ್ಯ. ಎಲ್ಲರಿಗೂ ಗಡಿಯಾರದಣ್ಣ. ಎರಡು ಮನೆಗಳ ನಡುವೆ ಎದೆಮಟ್ಟದ ಗೋಡೆ. ಅದರಲ್ಲಿ ನಾಲ್ಕು ಇಟ್ಟಿಗೆ ತೆಗೆದು ಮಾಡಿಕೊಂಡ ಒಂದು ಕಿಂಡಿ. ಆ ಕಿಂಡಿಯಲ್ಲಿ ಹದಿನೈದು ವರ್ಷದಿಂದ ಬಟ್ಟೆ, ಕತ್ತರಿ, ಸುದ್ದಿ ಓಡಾಡುತ್ತಿದ್ದವು. ಗೋಡೆಯಾಚೆ ಗಡಿಯಾರದಣ್ಣನ ನಿಂಬೆ ಗಿಡ.

ಇಷ್ಟು ಸುಭಿಕ್ಷವಾಗಿದ್ದ ಜಾಗಕ್ಕೆ ಸಾಹೇಬರು ಯಂತ್ರ ಹಿಡಿದು ಇಳಿದರು. ಉದ್ದೇಶ ಒಳ್ಳೆಯದೇ. ಊರಿನ ಕಂಬಕ್ಕೆಲ್ಲ ಅಕ್ಷಾಂಶ ಸಿಕ್ಕಿರುವಾಗ ಸ್ವಂತ ಮನೆಗೆ ಇಲ್ಲದಿರುವುದು ಅವಮಾನವಲ್ಲವೇ? ಕಾಂಪೌಂಡಿನ ನಾಲ್ಕು ಮೂಲೆಗಳಲ್ಲಿ ನಿಂತು, ಹೆಬ್ಬೆರಳನ್ನು ಪರದೆಯ ಕೆಳತುದಿಗೆ ಒತ್ತಿ, ಉಸಿರು ಬಿಗಿಹಿಡಿದು ನಾಲ್ಕು ಬಿಂದು ಗುರುತು ಮಾಡಿಕೊಂಡರು. ಹೆಬ್ಬೆರಳು ಯಾವಾಗಲೂ ಅಲ್ಲೇ. ಅದು ಅವರ ಹಿಡಿಯುವ ಭಂಗಿ. ಆ ಹೆಬ್ಬೆರಳನ್ನು ಓದುಗರು ನೆನಪಿಟ್ಟುಕೊಂಡಿರಲಿ.

ಒಳಗೆ ಬಂದು ಮನೆಯ ಕಂಪ್ಯೂಟರಿಗೆ ಸಂಖ್ಯೆ ಹೊಡೆದರು. ಕಚೇರಿಯಲ್ಲಾದರೆ ವೈರು ಸಿಕ್ಕಿಸಿದರೆ ಸಂಖ್ಯೆಗಳು ತಾವೇ ಒಳಗೆ ಹೋಗುತ್ತವೆ. ವೈರು ಕಚೇರಿಯಲ್ಲೇ ಉಳಿದಿತ್ತು. ಯಂತ್ರ ಡಿಗ್ರಿ, ನಿಮಿಷ ಎಂದು ಹೇಳುತ್ತದೆ. ನಕ್ಷೆಗೆ ಬೇಕಾದ್ದು ಬರೀ ಡಿಗ್ರಿ. ನಿಮಿಷವನ್ನು ಅರವತ್ತರಿಂದ ಭಾಗಿಸಬೇಕು. ಸಾಹೇಬರು ಭಾಗಾಕಾರದ ಗೋಜಿಗೆ ಹೋಗದೆ ನಡುವೆ ಒಂದು ಚುಕ್ಕಿ ಇಟ್ಟು ಮುಗಿಸಿದರು. ನಕ್ಷೆ ಗಿರ್ರನೆ ತಿರುಗಿ ಹದಿನೆಂಟು ಕಿಲೋಮೀಟರ್ ಆಚೆ ಒಂದು ಕೆರೆಯ ನಟ್ಟನಡುವೆ ನಾಲ್ಕು ಕೆಂಪು ಗುರುತು ನೆಟ್ಟಿತು.

ಹಿಂದಿನಿಂದ ಬಗ್ಗಿ ನೋಡಿದ ಟೈಲರಮ್ಮ, "ಅದಕ್ಕೇ ನೋಡಿ, ಎರಡು ದಿನದಿಂದ ಬಟ್ಟೆ ಒಣಗ್ತಾನೇ ಇಲ್ಲ," ಎಂದು ಹೇಳಿ ಮಷೀನಿಗೆ ಮರಳಿದರು.

ಸಾಹೇಬರಿಗೆ ಕಿವಿ ಬಿಸಿಯಾಯಿತು. ತಪ್ಪು ಹುಡುಕಿದರು, ಭಾಗಿಸಿದರು, ಮತ್ತೆ ಹೊಡೆದರು. ಈ ಸಲ ಕೆರೆ ಮಾಯವಾಗಿ ಅವರ ಬೀದಿಯೇ ಬಂತು, ಅವರ ತಾರಸಿಯ ನೀರಿನ ಟ್ಯಾಂಕೂ ಬಂತು. ಆದರೆ ಪೂರ್ವದ ಎರಡು ಗುರುತುಗಳು ಗೋಡೆಯ ಮೇಲೆ ಕೂರಲಿಲ್ಲ. ಗೋಡೆ ದಾಟಿ ನಾಲ್ಕು ಮೀಟರ್ ಆಚೆ, ನಿಂಬೆ ಗಿಡದ ಬುಡದಲ್ಲಿ ಹೋಗಿ ಕೂತವು.

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು, ಇಲ್ಲವೇ ಕಂಪ್ಯೂಟರ್ ಮುಚ್ಚಿ ಮಲಗುತ್ತಿದ್ದರು. ಆದರೆ ಇನ್ನೂರ ಹನ್ನೊಂದು ಕಂಬಗಳಿಗೆ ಷರಾ ಬರೆದ ಕೈ ಅದು. ಸಾಹೇಬರ ಕಣ್ಣಿಗೆ ಸತ್ಯ ಹಗಲಿನಷ್ಟು ಸ್ಪಷ್ಟವಾಗಿ ಕಂಡಿತು: ಗೋಡೆ ತಪ್ಪು ಜಾಗದಲ್ಲಿದೆ! ಆ ಮೆತ್ತಗಿನ ಗಡಿಯಾರದಣ್ಣ ಸದ್ದಿಲ್ಲದೆ ನಾಲ್ಕು ಮೀಟರ್ ನುಂಗಿ ಮೇಲೆ ನಿಂಬೆ ಗಿಡ ನೆಟ್ಟು ಕೂತಿದ್ದಾರೆ.

"ಹದಿನೈದು ವರ್ಷ ನಮ್ಮ ಜಾಗದ ನಿಂಬೆಹಣ್ಣನ್ನ ನಮಗೇ ಉಪಕಾರ ಮಾಡೋ ಥರ ಕೊಟ್ಟಿದ್ದಾರೆ ಕಣೇ," ಎಂದರು ಹೆಂಡತಿಗೆ.

"ಗೋಡೆ ಕಟ್ಟಿಸಿದ್ದು ನಿಮ್ಮಪ್ಪ ಅಲ್ವಾ?"

"ಅಪ್ಪನ ಹತ್ರ ಉಪಗ್ರಹ ಎಲ್ಲಿತ್ತು?"

ಟೈಲರಮ್ಮ ಕತ್ತರಿ ಕೆಳಗಿಟ್ಟರು. "ಪೂರ್ವದ ಗೋಡೆ ಹಾಗಿರ್ಲಿ, ಪಶ್ಚಿಮದ್ದು ಎಲ್ಲಿ ಬಂತು?"

"ಪಶ್ಚಿಮಕ್ಕೆ ಬರೀ ಗಲ್ಲಿ. ಗಲ್ಲಿ ಯಾರ ಜಾಗ ಕದಿಯುತ್ತೆ?" ಎಂದು ಸಾಹೇಬರು ಆ ಪ್ರಶ್ನೆಯನ್ನು ತಳ್ಳಿಹಾಕಿದರು. ಅವರ ಜೀವಮಾನದಲ್ಲಿ ಅಷ್ಟು ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅದು ಅವರಿಗೆ ಗೊತ್ತಾಗಲು ಇನ್ನೂ ಐದು ದಿನವಿತ್ತು.

ಕಾಜದಕ್ಕನ ತಂಟೆಗೆ ಹೋದರೆ ನಲವತ್ತು ಕೋಟು ನಡುನೀರಲ್ಲಿ ನಿಲ್ಲುತ್ತವೆ, ಈ ಸೋಮವಾರ ಬಿಟ್ಟು ಮುಂದಿನ ಸೋಮವಾರದವರೆಗಾದರೂ ಬಾಯಿ ಮುಚ್ಚಿಕೊಂಡಿರಿ ಎಂದು ಟೈಲರಮ್ಮ ಬೇಡಿಕೊಂಡರು. ಸಾಹೇಬರು ನ್ಯಾಯಕ್ಕೂ ಗುಂಡಿಗೂ ಸಂಬಂಧವಿಲ್ಲ ಎಂಬರ್ಥದ ಎರಡು ಮಾತಾಡಿ, ನಕ್ಷೆಯನ್ನು ಅಚ್ಚು ಹಾಕಿಕೊಂಡು, ಪೂರ್ವದ ಎರಡು ಬಿಂದುಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಬರೆದು ಗೋಡೆಯ ಹತ್ತಿರ ಹೋದರು.

ಗಡಿಯಾರದಣ್ಣ ಗಿಡದ ನೆರಳಿನಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು. ಸಾಹೇಬರ ವಿವರಣೆ ಕಾಲು ಗಂಟೆ ನಡೆಯಿತು. ಉಪಗ್ರಹಗಳು ಎಷ್ಟಿವೆ, ಎಷ್ಟು ಎತ್ತರದಲ್ಲಿ ಸುತ್ತುತ್ತಿವೆ, ಅವಕ್ಕೆ ಯಾರ ಮುಲಾಜೂ ಇಲ್ಲ ಎಂಬುದನ್ನೆಲ್ಲ ಹೇಳಿದರು. ಉದಾರವಾಗಿ, ಈ ವರ್ಷದ ಫಸಲನ್ನು ನೀವೇ ಇಟ್ಟುಕೊಳ್ಳಬಹುದು ಎಂದೂ ಸೇರಿಸಿದರು.

ಗಡಿಯಾರದಣ್ಣ ಭೂತಗನ್ನಡಿ ತೆಗೆದರು. "ನನ್ನ ಹತ್ರ ದಿನಾ ಜನ ಬರ್ತಾರಪ್ಪ. ವಾಚು ಹತ್ತು ನಿಮಿಷ ಮುಂದೆ ಹೋಗ್ತಿದೆ, ನೋಡಿ ಅಂತಾರೆ. ಸೂರ್ಯ ಹತ್ತು ನಿಮಿಷ ಹಿಂದೆ ಬಿದ್ದಿದ್ದಾನೆ ಅಂತ ದೂರು ತಂದೋರು ನೀವೇ ಮೊದಲು."

ಮೆತ್ತಗೆ ಹೇಳಿದ ಮಾತೇ ಆದರೂ ನಾಟಬೇಕಾದಲ್ಲಿ ನಾಟಿತು. ಸೋಮವಾರ ಬೆಳಿಗ್ಗೆ ಸಾಹೇಬರು ನಗರಸಭೆಗೆ ನಾಲ್ಕು ಪುಟದ ದೂರು ಕೊಟ್ಟರು. ನಾಲ್ಕೂ ಬಿಂದುಗಳಿರುವ ನಕ್ಷೆಯನ್ನು ಲಗತ್ತಿಸಿದರು. "ಈ ಅಳತೆಯು ಸಂಪೂರ್ಣ ನಿಖರವಾಗಿದ್ದು ಇದಕ್ಕೆ ನಾನೇ ಹೊಣೆ" ಎಂದು ಬರೆದು ಪ್ರತಿ ಪುಟಕ್ಕೂ ಸಹಿ ಮಾಡಿದರು. ಸಹಿಯ ವಿಷಯದಲ್ಲಿ ಅವರು ಎಂದೂ ಜಿಪುಣತನ ತೋರಿಸಿದವರಲ್ಲ.

ಮಂಗಳವಾರ ಪಕ್ಕದ ಮನೆಗೆ ನೋಟಿಸಿನ ಪ್ರತಿ ಮುಟ್ಟಿತು. ಬುಧವಾರ ಬೆಳಿಗ್ಗೆ ಟೈಲರಮ್ಮ ಎಂದಿನಂತೆ ಕಿಂಡಿಯ ಹತ್ತಿರ ಹೋಗಿ ನೋಡಿದರೆ ಆ ಕಡೆಯಿಂದ ಹಲಗೆ ಬಡಿದಿದೆ. ಗೋಡೆಯ ಮೇಲೆ ಒಂದು ಬಿಳಿ ಗಂಟು. ನಲವತ್ತು ಕೋಟುಗಳು, ಕಾಜವೆಲ್ಲ ಮುಗಿದಿತ್ತು, ಗುಂಡಿ ಒಂದೂ ಹಚ್ಚಿರಲಿಲ್ಲ. ಇನ್ನೂರ ನಲವತ್ತು ಗುಂಡಿಗಳ ಡಬ್ಬಿಯನ್ನು ಗಂಟಿನ ಮೇಲೆ ಇಟ್ಟಿದ್ದರು. ಒಂದೂ ಗುಂಡಿ ಕಡಿಮೆ ಇರಲಿಲ್ಲ. ಜಗಳದಲ್ಲೂ ಕಾಜದಕ್ಕ ಅಷ್ಟು ಅಚ್ಚುಕಟ್ಟು.

ಟೈಲರಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಅದನ್ನು ನೋಡಿ ಸಾಹೇಬರಿಗೆ ಮೊದಲ ಬಾರಿಗೆ ಭಯವಾಯಿತು. ಇನ್ನೂ ಹದಿನಾರು ಕೋಟಿನ ಕೊರಳುಪಟ್ಟಿ, ಎಲ್ಲ ಕೋಟಿನ ಕೆಳಅಂಚು ಬಾಕಿ. ಇದ್ದದ್ದು ಎರಡು ಕೈ. ಆಕೆ ಗಂಟನ್ನು ತಂದು ಮಷೀನಿನ ಪಕ್ಕ ಇಟ್ಟುಕೊಂಡು, ಮೂರು ದಿನ ಗಂಡನಿಗೆ ಬೇಕಾದ್ದನ್ನೆಲ್ಲ ಬಡಿಸಿದರು, ಬೇಕಾದಷ್ಟು ಮಾತನ್ನು ಮಾತ್ರ ಬಡಿಸಲಿಲ್ಲ.

ಬೀದಿಯ ಚರಂಡಿ ಒಡೆದು ಮೂರು ವರ್ಷವಾದರೂ ತಿರುಗಿ ನೋಡದ ನಗರಸಭೆ, ಈ ದೂರಿಗೆ ಮಾತ್ರ ಐದನೆಯ ದಿನಕ್ಕೇ ಬಂತು. ಶುಕ್ರವಾರ ಅಳತೆಯ ಮೇಡಂ ಒಬ್ಬರು ಉಕ್ಕಿನ ಟೇಪು, ಸೀಮೆಸುಣ್ಣದ ಡಬ್ಬಿ ಹಿಡಿದು ಬಾಗಿಲಿಗೆ ಬಂದರು. ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಯಂತ್ರವನ್ನು ಕೊರಳಿಗೆ ಹಾಕಿಕೊಂಡು ಸ್ವಾಗತಿಸಿದರು. ಗೋಡೆಯಾಚೆ ಗಡಿಯಾರದಣ್ಣನೂ ಕಾಜದಕ್ಕನೂ ನಿಂತಿದ್ದರು.

ಮೇಡಂ ಲಗತ್ತಿಸಿದ ನಕ್ಷೆಯನ್ನು ಬಿಡಿಸಿ ಬಹಳ ಹೊತ್ತು ನೋಡಿದರು. "ಈ ನಾಲ್ಕೂ ಬಿಂದು ನೀವೇ ತೆಗೆದಿದ್ದಾ?"

"ನಾನೇ. ಒಂದಿಂಚೂ ಆಚೀಚೆ ಇಲ್ಲ."

"ಪೂರ್ವದ ಎರಡಕ್ಕೆ ಸುತ್ತು ಹಾಕಿದ್ದೀರಿ. ಪಶ್ಚಿಮದ ಎರಡು ನೋಡಿದ್ರಾ?"

ಸಾಹೇಬರು ಆಗ ನೋಡಿದರು. ಐದು ದಿನದಿಂದ ಅವರದೇ ಕಾಗದದ ಮೇಲೆ, ಅವರದೇ ಸಹಿಯ ಪಕ್ಕದಲ್ಲಿ, ಆ ಎರಡು ಬಿಂದುಗಳು ಸುಮ್ಮನೆ ಕೂತಿದ್ದವು. ಅವೂ ನಾಲ್ಕು ಮೀಟರ್ ಪೂರ್ವಕ್ಕೆ ಸರಿದಿದ್ದವು. ಪೂರ್ವಕ್ಕೆ ಎಂದರೆ ಗಲ್ಲಿಯ ಗೋಡೆಯಿಂದ ಒಳಗೆ. ಒಳಗೆ ಎಂದರೆ ಅವರ ಮನೆಯೊಳಗೆ.

ಮೇಡಂ ಮಾತು ಬೆಳೆಸದೆ ಒಳಗೆ ನಡೆದು, ಪಶ್ಚಿಮದ ಗೋಡೆಯಿಂದ ಟೇಪು ಹಿಡಿದು, ನಾಲ್ಕು ಮೀಟರಿಗೆ ಸೀಮೆಸುಣ್ಣದ ಗೆರೆ ಎಳೆದರು. ಬಚ್ಚಲುಮನೆ ಪೂರ್ತಿ ಗೆರೆಯ ಆಚೆ ಉಳಿಯಿತು. ಅಡುಗೆಮನೆಯಲ್ಲಿ ಒಲೆ ಆಚೆ, ಪಾತ್ರೆ ತೊಳೆಯುವ ತೊಟ್ಟಿ ಈಚೆ. ಹೊಲಿಗೆಯ ಕೋಣೆಗೆ ಬಂದಾಗ ಗೆರೆ ಸರಿಯಾಗಿ ಮಷೀನಿನ ಹೊಟ್ಟೆಯ ಮೇಲೆ ಹಾಯ್ದಿತು. ಟೈಲರಮ್ಮ ಕಾಲು ತೆಗೆಯಲಿಲ್ಲ, ಹೊಲಿಯುತ್ತಲೇ ಇದ್ದರು.

"ನಿಮ್ಮ ದೂರಿನ ಪ್ರಕಾರ ಪಕ್ಕದವರು ನಿಂಬೆ ಗಿಡ ಬಿಟ್ಟುಕೊಡಬೇಕು," ಎಂದರು ಮೇಡಂ ಶಾಂತವಾಗಿ. "ಅದೇ ದೂರಿನ ಪ್ರಕಾರ ನೀವು ಬಚ್ಚಲು, ಒಲೆ, ಈ ಕೋಣೆಯ ಅರ್ಧ ಸಾರ್ವಜನಿಕ ಗಲ್ಲಿಗೆ ಬಿಟ್ಟುಕೊಡಬೇಕು. ಎರಡೂ ಜಾರಿ ಮಾಡಲಾ?"

ಸಾಹೇಬರು ಯಂತ್ರವನ್ನು ಎದೆಗೆ ಅವುಚಿಕೊಂಡರು. ಯಂತ್ರ ತಪ್ಪು ಹೇಳುವುದಿಲ್ಲ, ಉಪಗ್ರಹದ ಚಿತ್ರವೂ ತಪ್ಪು ಹೇಳುವುದಿಲ್ಲ ಎಂದೇನೋ ಗೊಣಗಿದರು. ಮೇಡಂ ಯಂತ್ರವನ್ನು ಕೇಳಿ ಪಡೆದು, ಪರದೆಯ ಕೆಳತುದಿ ತೋರಿಸಿದರು. ಸಣ್ಣ ಅಕ್ಷರದಲ್ಲಿ ಒಂದು ಸಂಖ್ಯೆ: ಅಳತೆ ನಾಲ್ಕು ಮೀಟರ್ ಆಚೀಚೆ ಇರಬಹುದು. ಅಂದರೆ ಯಂತ್ರವೇ ಪಾಪ, ನನ್ನನ್ನು ಇಷ್ಟರ ಮಟ್ಟಿಗೆ ನಂಬಬೇಡಿ ಎಂದು ವರ್ಷದಿಂದ ಕೈಮುಗಿದು ಹೇಳುತ್ತಿತ್ತು, ಸಾಹೇಬರ ಹೆಬ್ಬೆರಳು ವರ್ಷದಿಂದ ಅದರ ಬಾಯಿ ಮುಚ್ಚಿಕೊಂಡು ಬಂದಿತ್ತು!

ಅಷ್ಟಕ್ಕೇ ಬಿಡಬಹುದಿತ್ತು. ಮೇಡಂ ಕಂಪ್ಯೂಟರಿನ ಮುಂದೆ ಕೂತು ಅದೇ ನಕ್ಷೆಯಲ್ಲಿ ಎರಡು ವರ್ಷ ಹಿಂದಿನ ಚಿತ್ರ ತೆರೆದರು. ಬೀದಿ, ಟ್ಯಾಂಕು, ನಿಂಬೆ ಗಿಡ ಸಮೇತ ಇಡೀ ಕೇರಿ ಮೂರು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಿತು. ಚಿತ್ರವನ್ನು ಭೂಮಿಯ ಮೇಲೆ ಕೂರಿಸುವಾಗಲೂ ಅಷ್ಟಿಷ್ಟು ಆಚೀಚೆ ಆಗುತ್ತದೆ ಎಂದು ವಿವರಿಸಿ, "ಇಲ್ಲಾಂದ್ರೆ ನಿಮ್ಮ ಮನೆ ಎರಡು ವರ್ಷದಲ್ಲಿ ಮೂರು ಹೆಜ್ಜೆ ನಡೆದಿದೆ ಅಂತ ಒಪ್ಪಬೇಕಾಗುತ್ತೆ," ಎಂದರು.

ಗೋಡೆಯಾಚೆಯಿಂದ ಕಾಜದಕ್ಕನ ನಗು ಕೇಳಿಸಿತು.

ದೂರು ಹಿಂತೆಗೆದುಕೊಳ್ಳಲು ಒಂದೇ ದಾರಿಯಿತ್ತು. ಅದು ಸಾಹೇಬರ ದುಂಡಗಿನ ಅಕ್ಷರದಲ್ಲೇ ಆಗಬೇಕಿತ್ತು. "ನನ್ನ ಕೈಯಲ್ಲಿದ್ದ ಯಂತ್ರದಿಂದ ನಾನು ತೆಗೆದ ಅಳತೆಯು ಗಡಿ ನಿರ್ಧಾರಕ್ಕೆ ನಂಬಲು ಅರ್ಹವಲ್ಲ" ಎಂದು ಬರೆದರು. ಸಹಿಯನ್ನು ಮಾತ್ರ ಎಂದಿಗಿಂತ ಚಿಕ್ಕದಾಗಿ ಹಾಕಿದರು. ಯಂತ್ರ ಕಚೇರಿಯದಾದ್ದರಿಂದ ಒಂದು ಪ್ರತಿ ಕಚೇರಿಗೂ ಹೋಯಿತು. ಶನಿವಾರ ಮೇಲಧಿಕಾರಿ ಅವರನ್ನು ಕರೆಸಿ, ಹಾಗಾದರೆ ಆ ಇನ್ನೂರ ಹನ್ನೊಂದು ಕಂಬಗಳ ಗತಿಯೇನು ಎಂದು ವಿಚಾರಿಸಿದರು. ಷರಾ ಅಂಕಣವನ್ನು ಕೊನೆಗೂ ಒಬ್ಬರು ಓದಿದ್ದರು. ಅಷ್ಟೂ ಕಂಬಗಳ ಬುಡಕ್ಕೆ ಮತ್ತೊಮ್ಮೆ ಹೋಗಿ ನಿಲ್ಲಬೇಕೆಂದು ಅಪ್ಪಣೆಯಾಯಿತು.

ಅಲ್ಲಿಂದ ಬಂದವರು ನೆಟ್ಟಗೆ ಗಡಿಯಾರದಣ್ಣನ ಬಾಗಿಲಿಗೆ ಹೋದರು. ದಾರಿಯಲ್ಲಿ ಎಷ್ಟೋ ವಾಕ್ಯ ಸಿದ್ಧ ಮಾಡಿಕೊಂಡಿದ್ದರು. ಬಾಗಿಲು ತೆರೆದ ಕೂಡಲೇ ಎಲ್ಲ ಮರೆತುಹೋಗಿ, "ಅಣ್ಣ, ನಂದೇ ತಪ್ಪು. ಕೋಟು ನಿಂತುಹೋಗಿದೆ. ಅವಳ ಮುಖ ನೋಡಕ್ಕಾಗ್ತಿಲ್ಲ," ಎಂದಷ್ಟೇ ಬಂತು. ಗಡಿಯಾರದಣ್ಣ ಸುತ್ತಿಗೆ ತೆಗೆದುಕೊಂಡು ಹಿತ್ತಲಿಗೆ ಹೋಗಿ ಕಿಂಡಿಯ ಹಲಗೆ ಕಿತ್ತರು.

ಭಾನುವಾರ ಬೆಳಿಗ್ಗೆ ಕಾಜದಕ್ಕ ಸೂಜಿ ದಾರದೊಂದಿಗೆ ಬಂದರು, ಜೊತೆಗೆ ಒಂದು ಷರತ್ತನ್ನೂ ತಂದರು. ಮೂರು ದಿನ ಹಾಳು ಮಾಡಿದವರು ಮೂರನೆಯ ಕೈಯಾಗಿ ಕೂರಬೇಕು. ಸಾಹೇಬರು ನೆಲದ ಮೇಲೆ ಕೂತರು. ಹನ್ನೆರಡು ಕೋಟುಗಳು ಅವರ ಪಾಲಿಗೆ ಬಂದವು. ಒಳಗೊಳಗೆ ಅವರಿಗೆ ಒಂದು ಸಣ್ಣ ಹಿಗ್ಗೂ ಇತ್ತು. ಗುಂಡಿಗೆ ಉಪಗ್ರಹದ ಹಂಗಿಲ್ಲವಲ್ಲ! ಕೋಟನ್ನು ಹಾಸಿ, ಅಡಿಪಟ್ಟಿ ಇಟ್ಟು, ಪೆನ್ಸಿಲಿನಲ್ಲಿ ಗುರುತು ಮಾಡಿ, ಆರಾರು ಗುಂಡಿಗಳನ್ನು ಸಾಲಾಗಿ ಹಚ್ಚಿದರು. ಬೆರಳಿಗೆ ಒಂಬತ್ತು ಸಲ ಸೂಜಿ ಚುಚ್ಚಿತು. ಮಧ್ಯಾಹ್ನದ ಹೊತ್ತಿಗೆ ಎಪ್ಪತ್ತೆರಡು ಗುಂಡಿಗಳು ಸೈನಿಕರಂತೆ ನಿಂತಿದ್ದವು. ಹೆಂಗಸರಿಬ್ಬರೂ ಅಷ್ಟರಲ್ಲಿ ಉಳಿದ ಇಪ್ಪತ್ತೆಂಟು ಕೋಟುಗಳನ್ನು ಮುಗಿಸಿ ಮಡಿಸಿಟ್ಟಿದ್ದರು.

"ನೋಡಿ, ಒಂದು ನೂಲೆಳೆಯಷ್ಟೂ ಆಚೀಚೆ ಇಲ್ಲ," ಎಂದರು ಸಾಹೇಬರು. ಎರಡು ದಿನದ ಬಳಿಕ ಅವರ ದನಿಗೆ ಸ್ವಲ್ಪ ಜೀವ ಬಂದಿತ್ತು.

ಕಾಜದಕ್ಕ ಮೇಲಿನ ಕೋಟನ್ನು ಎತ್ತಿಕೊಂಡು ಗುಂಡಿ ಹಾಕತೊಡಗಿದರು. ಮೊದಲ ಗುಂಡಿ ಎರಡನೆಯ ಕಾಜಕ್ಕೆ ಬಂತು. ಎರಡನೆಯದು ಮೂರನೆಯದಕ್ಕೆ. ಕೊನೆಗೆ ಕೆಳಗಿನ ಗುಂಡಿಗೆ ಕಾಜವೇ ಇರಲಿಲ್ಲ, ಮೇಲಿನ ಕಾಜಕ್ಕೆ ಗುಂಡಿ ಇರಲಿಲ್ಲ. ಕೊರಳುಪಟ್ಟಿ ಗುಂಡಿಯಿಲ್ಲದೆ ಬಾಯಿ ತೆರೆದುಕೊಂಡಿತ್ತು. ಇನ್ನೊಂದು ಕೋಟು ತೆಗೆದರು, ಅದೂ ಹಾಗೆಯೇ. ಹನ್ನೆರಡೂ ಹಾಗೆಯೇ. ಸಾಲು ನೇರವಾಗಿತ್ತು, ಅಂತರ ಸಮವಾಗಿತ್ತು, ಇಡೀ ಸಾಲು ಒಂದೇ ಹದಕ್ಕೆ ಕೆಳಗೆ ಸರಿದಿತ್ತು.

ಕಾಜದಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗುಂಡಿ ಬಿಚ್ಚುವ ಸಣ್ಣ ಕತ್ತರಿಗೆ ಕೈ ಹಾಕಿದರು. ಸಂಜೆಯೊಳಗೆ ಸರಿ ಮಾಡಬಹುದಾದ ಕೆಲಸವೇ. ಆದರೆ ಟೈಲರಮ್ಮ ಆಕೆಯ ಕೈ ತಡೆದು, ವಾರದಲ್ಲಿ ಮೊದಲ ಬಾರಿಗೆ ಗಂಡನ ಮುಖ ನೋಡಿ ಮಾತಾಡಿದರು.

"ಬಿಚ್ಚಬೇಡಿ ಅಕ್ಕ. ಇವರ ಗುಂಡಿ ಸರಿಯಾಗೇ ಇರುತ್ತೆ. ರೀ, ಪೆನ್ನು ತಗೊಳ್ಳಿ, ಕಾಜ ತಪ್ಪು ಜಾಗದಲ್ಲಿದೆ ಅಂತ ಷರಾ ಬರೆದು ಸಹಿ ಹಾಕಿ."